ನಿಮ್ಮ ಸರಾಸರಿ ಚೆನ್ನಾಗಿದೆ, ನನ್ನ ಅಕ್ಕ ಚೆನ್ನಾಗಿಲ್ಲ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಬರೆಯದೇ ಬಿಡಬೇಕೆಂದಿದ್ದ ಮಾತನ್ನೇ ಮೊದಲು ಬರೆಯುತ್ತೇನೆ. ನಿಮ್ಮ ಐಸಿಯು ದಿನವೂ ಹೇಳುತ್ತಿದ್ದ 'ಸರಾಸರಿ' ಎಂಬ ಪದ ಕೇಳಿ ನನಗೂ ನೆಮ್ಮದಿಯಾಗುತ್ತಿತ್ತು. ಅಕ್ಕನ ರಕ್ತದ ಸಕ್ಕರೆ ಸರಾಸರಿ ನೂರ ನಲವತ್ತು ಎಂದಾಗ, ಪರೀಕ್ಷೆಯಲ್ಲಿ ಪಾಸಾದವಳಂತೆ ಮನೆಗೆ ಹೋಗಿ ಊಟ ಮಾಡುತ್ತಿದ್ದೆ. ಆ ನೂರ ನಲವತ್ತು ನಿಮ್ಮ ದೊಡ್ಡ ಸುಳ್ಳು ಎಂಬುದೇ ನನ್ನ ದೂರು.

ಅಕ್ಕ ಡ್ರೈವಿಂಗ್ ಸ್ಕೂಲ್ ನಡೆಸುವವಳು. ಶ್ವಾಸಕೋಶದ ಸೋಂಕಿನಿಂದ ನಿಮ್ಮಲ್ಲಿಗೆ ಬಂದಳು. ಅವಳಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಹಿಂದಿನ ಮೂರು ತಿಂಗಳ ಸಕ್ಕರೆಯನ್ನು ತಿಳಿಸುವ ಪರೀಕ್ಷೆಯೂ ಅದನ್ನೇ ಹೇಳಿತು. ಆದರೂ ಬಂದ ದಿನವೇ ಸಕ್ಕರೆ ಜಿಗಿದಿತ್ತು. ಕಾಯಿಲೆಯ ಹೊಡೆತಕ್ಕೆ ದೇಹ ಹೀಗೆ ಕೂಗಿಕೊಳ್ಳುತ್ತದೆ, ಮೂರು ತಿಂಗಳ ಲೆಕ್ಕಕ್ಕೂ ಆ ದಿನದ ಸಕ್ಕರೆಗೂ ನಡುವಿನ ಅಂತರವೇ ಎಚ್ಚರಿಕೆ ಎಂದು ಓದಿ ತಿಳಿದುಕೊಂಡೆ. ನಿಮ್ಮವರು ಓದಿರಲಿಲ್ಲವೇ? ಇನ್ಸುಲಿನ್ ಏರಿಸಿದರು, ಇಳಿಸಿದರು. ಒಂದು ಬೆಳಗ್ಗೆ ಅಕ್ಕನ ಕೈಕಾಲು ಸೆಟೆದುಕೊಂಡವು. ಆಗ ಹಾಸಿಗೆಯ ತುದಿಯ ಚಾರ್ಟ್ ನೋಡಿದೆ: ಸಂಜೆ ಇನ್ನೂರ ನಲವತ್ತು, ಬೆಳಗ್ಗೆ ನಲವತ್ತು.

"ಆವರೇಜ್ ನೋಡಿ ಮೇಡಂ, ನಾರ್ಮಲ್ ಇದೆ," ಎಂದರು ನಿಮ್ಮ ಡಾಕ್ಟರು.

"ಯಾರಿಗೆ ನಾರ್ಮಲ್?"

"ಟೋಟಲ್ ಆಗಿ ತಗೊಂಡ್ರೆ..."

ಟೋಟಲ್ ಆಗಿ! ಅರ್ಧ ಗಂಟೆ ಗಾಡಿಯನ್ನು ನೂರಿಪ್ಪತ್ತರಲ್ಲಿ ಓಡಿಸಿ, ಉಳಿದರ್ಧ ಗಂಟೆ ಗೋಡೆಗೆ ಗುದ್ದಿ ನಿಲ್ಲಿಸಿ, ಸರಾಸರಿ ಅರವತ್ತು ಎಂದು ಕಲಿಯಲು ಬಂದವನು ಹೇಳಿದ್ದರೆ ಅಕ್ಕ ಅವನನ್ನು ಗಾಡಿಯಿಂದಲೇ ಇಳಿಸುತ್ತಿದ್ದಳು. ನೀವಾದರೋ ಇಡೀ ಐಸಿಯುವಿನ ಅಂಥ ಸರಾಸರಿಗಳನ್ನು ಲಿಫ್ಟ್ ಪಕ್ಕ ಫ್ರೇಮು ಹಾಕಿ ತೂಗುಬಿಟ್ಟಿದ್ದೀರಿ. ಸತ್ತವರ ಸಕ್ಕರೆ ಯಾರೂ ಅಳೆಯುವುದಿಲ್ಲ, ಅವರು ಸರಾಸರಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ ಎಂಬುದನ್ನು ತಾವು ಬಲ್ಲಿರಿ.

ಅಕ್ಕ ಈಗ ಕಣ್ಣು ಬಿಡುತ್ತಾಳೆ, ಭಾವನನ್ನು ಗುರುತಿಸುವುದಿಲ್ಲ. ಇದು ಸಕ್ಕರೆ ಕುಸಿದದ್ದರಿಂದಲೋ, ಸೋಂಕಿನಿಂದಲೋ? ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ನಾನು ಅದನ್ನು ಒಪ್ಪಿಕೊಳ್ಳುತ್ತೇನೆ, ಅಷ್ಟೇ ವ್ಯತ್ಯಾಸ.

"ಅವಳಿನ್ನೂ ಅವರ ಕೈಲೇ ಇದಾಳೆ ಕಣಮ್ಮಾ. ಡಿಸ್ಚಾರ್ಜ್ ಆಗ್ಲಿ, ಆಮೇಲೆ ಬರಿ," ಎಂದರು ಭಾವ. ಸರಿಯಾದ ಭಯವೇ. ಆದರೆ ಪಕ್ಕದ ಹಾಸಿಗೆಯ ವೃದ್ಧರ ಮಗಳಿಗೆ ಇವತ್ತು ನೂರ ಮೂವತ್ತೆಂಟು ಎಂದಿರಿ. ಆಕೆ ಕೈಮುಗಿದು, ನಗುತ್ತಾ ಮನೆಗೆ ಹೋದಳು.

ನನ್ನ ಬೇಡಿಕೆ ಚಿಕ್ಕದು. ಸರಾಸರಿಯ ಜೊತೆಗೆ ಆ ದಿನದ ಅತಿ ಹೆಚ್ಚು, ಅತಿ ಕಡಿಮೆ ಎಷ್ಟೆಂದು ಪ್ರತಿ ರೋಗಿಯ ಮನೆಯವರಿಗೂ ಬಾಯಿಬಿಟ್ಟು ಹೇಳಿ. ಹೇಳಲು ನಾಚಿಕೆಯಾಗುವಂತಿದ್ದರೆ, ಹಾಗಾಗದಂತೆ ನೋಡಿಕೊಳ್ಳಿ.

ಇಂತಿ,
ಲೆಕ್ಕ ತಡವಾಗಿ ಅರ್ಥವಾದ ಒಬ್ಬ ತಂಗಿ

ಡಿಸ್ಚಾರ್ಜ್‌ಗೆ ಕಾಯುವುದಿಲ್ಲ. ಅಂಚೆಗೆ ಹಾಕುವುದು ನಾಳೆ, ಮಾರ್ಚ್ ಹನ್ನೆರಡು.