ಬೆಲ್ಟಿನ ಲೈಸೆನ್ಸ್

ಮಾರ್ಚ್ ೯, ಸೋಮವಾರ

ಗೆಣ್ಣು ಊದಿ ಕೈಯಲ್ಲಿ ಪೆನ್ನು ನಿಲ್ಲುತ್ತಿಲ್ಲ. ಕೆಳಗಿನ ಮನೆಯಲ್ಲಿ ನಾಯಿಗಳಿಗೆ ತರಬೇತಿ ಕೊಡುವವನ ಹಲ್ಲು ಉದುರಿಸಿ ಬಂದೆ. ಮತ್ತೆ ಸಿಕ್ಕರೆ ಉಳಿದವನ್ನೂ ಉದುರಿಸುತ್ತೇನೆ.

ಅಕ್ಕನ ಕಿವುಡು ನಾಯಿಯನ್ನು ಕರೆಯಲೆಂದು, ಫೋನಿನ ಹಾಗೆ ಅದುರುವ ಕುತ್ತಿಗೆ ಬೆಲ್ಟ್ ಮಾಡಿದ್ದೆ. ಅದನ್ನು ನಡೆಸುವ ಪ್ರೋಗ್ರಾಮನ್ನು, ಅಂದರೆ ಫರ್ಮ್‌ವೇರನ್ನು, ಓಪನ್ ಸೋರ್ಸ್ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದೆ. ಆ ಪಾಪಿ ಅದನ್ನೇ ತಿದ್ದಿ ನಾಯಿಗಳಿಗೆ ಕರೆಂಟ್ ಹೊಡೆಸುತ್ತಿದ್ದಾನೆ. ಇವತ್ತು ಮೆಟ್ಟಿಲ ಬಳಿ ಕಂಡ ನಾಯಿಯ ಕುತ್ತಿಗೆ ಸುಟ್ಟು ಚರ್ಮ ಕಿತ್ತುಬಂದಿತ್ತು. ಅದರ ಬೆಲ್ಟ್ ಬಿಚ್ಚಿಕೊಂಡು ಅವನ ಬಾಯಿಗೇ ಗುದ್ದಿದೆ. ರಕ್ತ ಉಗುಳಿ ಅಂದ: "ಯಾರು ಏನಕ್ಕೆ ಬೇಕಾದ್ರೂ ಬಳಸ್ಬಹುದು ಅಂತ ಲೈಸೆನ್ಸಲ್ಲಿ ಬರೆದಿದ್ದು ನೀವೇ ಅಲ್ವಾ?"

ಹೊಸ ಆವೃತ್ತಿಗೆ ಲೈಸೆನ್ಸ್ ಆರಿಸಲು ಕೂತಿದ್ದೇನೆ. ಅಕ್ಕ ನನ್ನ ಕೈಗೆ ಐಸ್ ಒತ್ತುತ್ತಾ, "ಪ್ರಾಣಿಗೆ ಹಿಂಸೆ ಮಾಡೋ ಹಾಗಿಲ್ಲ ಅಂತ ಒಂದು ಸಾಲು ಸೇರಿಸೋ," ಅಂದಳು. ಸೇರಿಸಿದರೆ ಅದು ಓಪನ್ ಸೋರ್ಸೇ ಅಲ್ಲ; ಇಂಥದ್ದಕ್ಕೆ ಬಳಸಬೇಡಿ ಅನ್ನುವ ಹಾಗೇ ಇಲ್ಲ ಅದರಲ್ಲಿ. ತಿದ್ದಿದ್ದನ್ನೂ ಬಹಿರಂಗ ಮಾಡಲೇಬೇಕೆನ್ನುವ ಲೈಸೆನ್ಸ್ ಹಾಕಿದರೆ, ಕರೆಂಟ್ ಹೊಡೆಸುವ ವಿದ್ಯೆ ಊರಿಗೆಲ್ಲ ಸಿಗುತ್ತದೆ.

ಪುಡಿ ಮಾಡಲೆಂದು ಸುತ್ತಿಗೆ ಎತ್ತುವ ಮೊದಲು, ಬಿಚ್ಚಿ ತಂದಿದ್ದ ಅವನ ಬೆಲ್ಟನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿದೆ. ಹಳೆಯ ಲೈಸೆನ್ಸಿನಲ್ಲಿ ಇದ್ದದ್ದು ಒಂದೇ ಷರತ್ತು, ನನ್ನ ಹೆಸರು ತೆಗೆಯಬಾರದು.

ಪುಣ್ಯಾತ್ಮ ತೆಗೆದಿಲ್ಲ, ಪ್ರೋಗ್ರಾಮಿನ ಮೊದಲ ಸಾಲಲ್ಲೇ ಇದೆ. ಆ ಸುಟ್ಟ ಕುತ್ತಿಗೆಗಳ ಮೇಲೆಲ್ಲ ಇದ್ದದ್ದು ನನ್ನ ಹೆಸರೇ.