ತೇವವಾಗಿದ್ದ ಪೆಟ್ಟಿಗೆ

ಪ್ರೀತಿಯ ಟೂರ್ಕೆಲ್ ಅಣ್ಣನಿಗೆ,

ನೀರು ಎಲ್ಲವನ್ನೂ ಮರೆಯುತ್ತದೆ ಎಂದಿತ್ತೋ, ಕ್ಷಮಿಸುತ್ತದೆ ಎಂದಿತ್ತೋ ಆ ಸಾಲು? ಶಾಲೆಯಲ್ಲಿ ಕಲಿತದ್ದು, ಅರ್ಧ ಉಳಿದಿದೆ. ಬರೆದವರು ನಮ್ಮ ಸರೋವರವನ್ನು ನೋಡಿರಲಿಕ್ಕಿಲ್ಲ.

ನಮ್ಮ ಕ್ರೇಫಿಶ್‌ಗಳು ಹಾಡಹಗಲೇ ದಡಕ್ಕೆ ಬರುತ್ತಿವೆ. ಕತ್ತಲಾಗದೆ ಕಲ್ಲಿನಡಿಯಿಂದ ಹೊರಡದ ಈ ಸಿಹಿನೀರಿನ ಸಿಗಡಿಗಳು ಮರಗಾಲು ಕಟ್ಟಿಕೊಂಡಂತೆ ತಡವರಿಸಿ ಅಂಗಾತ ಬೀಳುತ್ತವೆ. ಅಪ್ಪ ಉತ್ತರದಿಂದ ಬಕೆಟ್ಟುಗಳಲ್ಲಿ, ಒದ್ದೆ ಪಾಚಿ ಹೊದಿಸಿ ತಂದು ಬಿಟ್ಟ ಸಂತತಿ. ಸುತ್ತಲಿನ ಊರುಗಳಲ್ಲಿ ಈ ನಾಡತಳಿ ಉಳಿದದ್ದು ಇಲ್ಲಿ ಮಾತ್ರ.

ನಿನ್ನ ಊರಿನವು ಅಮೆರಿಕದ ತಳಿ, ಮುಂಗಾಲಿನ ಕೊಂಡಿಯ ಕೀಲಿನಲ್ಲಿ ಬಿಳಿ ಮಚ್ಚೆ. ರೋಗ ಹೊತ್ತು ತಿರುಗುತ್ತವೆ, ತಾವು ಮಾತ್ರ ಸಾಯುವುದಿಲ್ಲ. ಅವು ಒಂದು ರಾತ್ರಿ ನೀರಿನಲ್ಲಿದ್ದರೂ ಸಾಕು, ರೋಗ ನಮ್ಮವಕ್ಕೆ ಹತ್ತುತ್ತದೆ. ಜೀವಂತ ಸಾಗಿಸಬಾರದೆಂಬ ಕಾನೂನು ನಿನಗೆ ಗೊತ್ತು. ಆದರೂ ಪ್ರತಿ ವರ್ಷದ ಆಗಸ್ಟಿನ ಕ್ರೇಫಿಶ್ ಊಟಕ್ಕೆ ನೀನು ಗೋಣಿಚೀಲದ ತುಂಬ ಅವನ್ನೇ ಜೀವಂತ ತಂದೆ. ಊಟದ ಹಿಂದಿನ ರಾತ್ರಿ ಅವು ಎಲ್ಲಿದ್ದವು ಎಂದು ನಾನು ಕೇಳಿದರೆ ಪಕ್ಕದ ಮನೆಯ ಹಿಲ್ಮಾಜ್ಜಿಯ ನೆಲಮಾಳಿಗೆಯಲ್ಲಿ, ತಂಪಿಗೆ, ಎಂದೆ ನೀನು.

ಆದರೆ ಊಟದ ದಿನ ಬೆಳಿಗ್ಗೆ ದೋಣಿಕಟ್ಟೆಯ ಮೇಲೆ ಅಪ್ಪನ ಪಟ್ಟಿಪೆಟ್ಟಿಗೆ ಇತ್ತು. ಹಿಡಿದ ಕ್ರೇಫಿಶ್‌ಗಳನ್ನು ಊಟದ ದಿನದವರೆಗೆ ನೀರಿನಲ್ಲೇ ಮುಳುಗಿಸಿಡುವ ಪೆಟ್ಟಿಗೆ. ಅಪ್ಪ ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅಂದು ಅದರ ಹಲಗೆಗಳು ತೇವವಾಗಿದ್ದವು. ಮಳೆ ಬಂದಿರಲಿಲ್ಲ.

ಮೇಜಿನ ಬಳಿ ನೀನು ಎಲ್ಲರಂತೆ ಆ ಊಟದ ಕಾಗದದ ಟೋಪಿ ಹಾಕಿಕೊಂಡು, ಸಬ್ಬಸಿಗೆ ಹೂವಿನ ಜೊತೆ ಬೆಂದ ಚಿಪ್ಪನ್ನು ಸದ್ದು ಮಾಡಿ ಹೀರುತ್ತಿದ್ದೆ. ನಾನು ಪೆಟ್ಟಿಗೆಯ ಮಾತೆತ್ತಿದೆ.

"ನೀನು ಪೊಲೀಸಿಗೆ ಸೇರಬೇಕಿತ್ತು ಕಣೇ," ಎಂದೆ ನೀನು. ಎಲ್ಲರೂ ನಕ್ಕರು. ನೀನು ನನ್ನ ಕಣ್ಣು ತಪ್ಪಿಸಿದೆ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಹಿಲ್ಮಾಜ್ಜಿಯನ್ನು ಕೇಳಬಹುದಿತ್ತು. ಕೇಳಲಿಲ್ಲ. ನಿನ್ನನ್ನು ಎತ್ತಿ ಆಡಿಸಿದವಳು, ನಿನ್ನ ಪರವಾಗಿಯೇ ಹೇಳುತ್ತಾಳೆ. ನಿನ್ನೆ ಸತ್ತವನ್ನು ಬುಟ್ಟಿಗೆ ತುಂಬುವಾಗ ಒಂದು ಹೆಣ್ಣು ಸಿಕ್ಕಿತು, ಅಂಗೈಯಷ್ಟು ದೊಡ್ಡದು. ಚಿಕ್ಕವರಿದ್ದಾಗ ಇಂಥದ್ದನ್ನು ನೀನು ಬೆನ್ನು ಹಿಡಿದೆತ್ತಿ, ಮೊಟ್ಟೆ ಇವೆಯೆಂದು ಮೆಲ್ಲಗೆ ಮರಳಿ ಬಿಡುತ್ತಿದ್ದೆ. ಆ ಕೈಗಳೇ ಇದನ್ನು ಮಾಡಿದವೆಂದು ನಂಬುವುದು ಕಷ್ಟ. ನಂಬದಿರುವುದು ಇನ್ನೂ ಕಷ್ಟ.

ಮುಂದಿನ ಆಗಸ್ಟಿಗೆ ಬರಬೇಡ. ಸರೋವರ ನಿನ್ನನ್ನು ಕ್ಷಮಿಸುವುದಾದರೆ ಕ್ಷಮಿಸಲಿ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ತಂಗಿ,
ಸಿಗ್ನೆ

ಇಲ್ಲಿಗೆ ಮುಗಿಸಿ ಲಕೋಟೆ ಹುಡುಕುತ್ತಿದ್ದೆ, ಬಾಗಿಲು ಬಡಿದ ಸದ್ದಾಯಿತು. ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ. ನಿನ್ನ ತಂಗಿ ಏನೆಂದುಕೊಂಡಿದ್ದಳು ಎಂಬುದು ನಿನಗೆ ತಿಳಿಯಬೇಕು. ಆಗಸ್ಟಿಗೆ ಬಾ, ಬರಿಗೈಯಲ್ಲಿ ಬಾ. ಹೊಸ್ತಿಲಲ್ಲಿ ಹಿಲ್ಮಾಜ್ಜಿ ಪ್ಲಮ್ ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದಳು. ಕ್ರೇಫಿಶ್ ಸಾಯುತ್ತಿರುವುದು ಕೇಳಿ ನೋವಾಯಿತಂತೆ. ಅವಳೆಂದದ್ದು ಇಷ್ಟು:

"ನಿಮ್ಮಣ್ಣ ಚೀಲ ನೆಲಮಾಳಿಗೇಲಿ ಇಟ್ಟು ಹೋದ. ಪಾಪ, ಒಳಗೆ ಒದ್ದಾಡ್ತಿದ್ವು. ನಾನೇ ನಿಮ್ಮಪ್ಪನ ಪೆಟ್ಟಿಗೇಲಿ ಹಾಕಿ ನೀರಿಗೆ ಬಿಟ್ಟು, ಬೆಳಗಾಗೋ ಮುಂಚೆ ಎತ್ತಿ ವಾಪಸ್ ಚೀಲಕ್ಕೆ ತುಂಬಿದೆ. ಅವನಿಗೆ ಹೇಳ್ಬೇಡ, ಮುದುಕಿ ಹೊರಗೆ ಓಡಾಡ್ತಾಳೆ ಅಂತ ಬೈತಾನೆ. ಎಷ್ಟು ಚುರುಕಾಗಿದ್ವು ನೋಡಿದ್ಯಲ್ಲ? ಮುಂದಿನ ಸಲಾನೂ ತರೋಕೆ ಹೇಳು ಮಗಾ, ನಾನು ನೋಡ್ಕೋತೀನಿ."