ಮೆಮೆಯ ಮಣ್ಣಿಗಾಗಿ

ಸೆಗರಾ ಕಾಂಗಿನ್, ಕಡಲ ಕೇರಿ
ಆಗಸ್ಟ್ 1999

ಸರಿನಿಯ ಅಪ್ಪನಿಗೆ,

ಎಲ್ಲರೂ ಚೆನ್ನಾಗಿದ್ದೇವೆ ಎಂದು ಶುರು ಮಾಡಲು ಕೈ ಏಳುತ್ತಿಲ್ಲ. ಮೊನ್ನೆ ಬೆಳಿಗ್ಗೆ ಮೆಮೆ ತೀರಿಕೊಂಡಳು. ನಿಮಗೆ ಗೊತ್ತು, ಊರಿಗೆಲ್ಲ ಗೊತ್ತು. ನಮ್ಮ ಮನೆಯ ಸಾವಿಗೆ ಊರ ಮರದ ಗಂಟೆ ಕುಲ್ಕುಲ್ ಬಡಿಯುವ ಹಾಗಿಲ್ಲವಲ್ಲ, ಹಾಗಾಗಿ ಏನೂ ಆಗಿಲ್ಲವೆಂಬಂತೆ ಜನ ಹಂದಿಗೆ ಕಲಗಚ್ಚು ಹಾಕಿಕೊಂಡು, ಹುಂಜದ ಬೆನ್ನು ನೀವಿಕೊಂಡು ಕೂತಿದ್ದಾರೆ. ಮೆಮೆ, ನನ್ನ ಹೆತ್ತ ತಾಯಿ, ಜಗಲಿಯ ಮೇಲೆ ಮೀನಿಗೆ ಹಾಕುವ ಮಂಜುಗಡ್ಡೆಯ ನಡುವೆ ಮಲಗಿದ್ದಾಳೆ.

ನಮ್ಮ ಮನೆಯವರ ಜೊತೆ ಯಾರೂ ಮಾತಾಡಬಾರದು ಎಂದು ತೀರ್ಪು ಓದಿದವರು ನೀವೇ. ಬರೆಯಬಾರದು ಎಂದು ಅದರಲ್ಲಿ ಇಲ್ಲ. ಮರೆತಿರೋ, ನಮಗೆ ಅಷ್ಟೆಲ್ಲ ಬರೆಯಲು ಎಲ್ಲಿ ಬರುತ್ತದೆ ಎಂದುಕೊಂಡಿರೋ ಕಾಣೆ. ಕಾಗದ ತರುವವನು ದಾಯೆಂಗ್ ಪರಾನಿ. ಬೂಗಿಸ್ ಕೇರಿಯ ಮುಸಲ್ಮಾನರಿಗೆ ನಿಮ್ಮ ಕಟ್ಟಳೆ ತಾಗುವುದಿಲ್ಲ. ಎರಡು ವರ್ಷದಿಂದ ಅವನೇ ನಮಗೆ ನೆರೆ, ಅವನೇ ನೆಂಟ, ಈಗ ಅವನೇ ಅಂಚೆಯವನು. ಮಂಜುಗಡ್ಡೆಯೂ ಅವನ ದೋಣಿಯದೇ. ಹಣ ಕೊಡಲು ಹೋದರೆ, "ಮೆನ್ ಕೆರ್ತಿ ಕೊಟ್ಟ ಉಪ್ಪಲ್ಲಿ ನಮ್ಮಪ್ಪನ ಕಾಲದಿಂದ ಮೀನು ಒಣಗಿಸಿದೀವಿ, ಸುಮ್ನಿರಮ್ಮ ನೀನು" ಎಂದು ಗದರಿದ. ಮೆನ್ ಕೆರ್ತಿ, ಕೆರ್ತಿಯ ತಾಯಿ. ಊರೆಲ್ಲ ಅವಳನ್ನು ನನ್ನ ಹೆಸರು ಹಿಡಿದೇ ಕೂಗುತ್ತಿತ್ತು. ಈ ಎರಡು ವರ್ಷ ಹಾಗೆ ಕೂಗಿದವನು ಅವನೊಬ್ಬನೇ.

ಮೊದಮೊದಲು ನೀವು ನಮ್ಮ ಅಂಗಳಕ್ಕೆ ಬರುತ್ತಿದ್ದ ದಿನಗಳು ನೆನಪಿವೆಯೇ? ಮೆಮೆಯನ್ನು ಒಲಿಸಿಕೊಳ್ಳಲು ಸಮುದ್ರದ ನೀರಿನ ಕಾವಡಿ ಹೊತ್ತು, ಉಪ್ಪು ತೆಗೆಯುವ ಮರಳಿನ ಮಡಿಗಳಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲಿಬಿಡುತ್ತಿದ್ದಿರಿ. "ಈ ಹುಡುಗ ಕಡಲಿಂದು ಕಡಲಿಗೇ ವಾಪಸ್ ಕೊಡ್ತಾನೆ ನೋಡೇ, ಎಂಥ ಪ್ರಾಮಾಣಿಕ!" ಎಂದು ಮೆಮೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೆಲಸ ಬಾರದಿದ್ದರೂ ನಿಮಗೆ ಮಾತು ಬರುತ್ತಿತ್ತು. ಆ ಮಾತಿಗೇ ನಾನು ಬಿದ್ದದ್ದು.

ಊರಿನ ಕಥೆ ಹೇಳಲು ಕೂತರೆ ನಿಮಗೆ ಊಟ ನಿದ್ದೆ ಬೇಕಿರಲಿಲ್ಲ. ಈ ಕಪ್ಪು ಮರಳಿನ ಪಟ್ಟಿಯನ್ನು ರಾಜ ಉಪ್ಪಿನವರಿಗೆ ಬಿಟ್ಟುಕೊಟ್ಟದ್ದು, ಅದಕ್ಕೆ ಬದಲಾಗಿ ನಮ್ಮ ಹಿರಿಯರು ಅರಮನೆಯ ಅಡುಗೆಮನೆಗೆ ಉಪ್ಪು ಹೊತ್ತದ್ದು. ಆಮೇಲೆ ಡಚ್ಚರು ಬಂದು ಒಂದೂರನ್ನು ಎರಡು ಮಾಡಿದ್ದು: ತೆರಿಗೆಗೂ ರಸ್ತೆಯ ಬಿಟ್ಟಿ ಕೆಲಸಕ್ಕೂ ಒಂದು ಊರು, ದೇವಸ್ಥಾನಕ್ಕೂ ಸ್ಮಶಾನಕ್ಕೂ ಇನ್ನೊಂದು. ಅವರು ಹಡಗು ಹತ್ತಿ ಹೋದರೂ ಎರಡೂ ಹಾಗೇ ಉಳಿದವು. ಅದಕ್ಕೇ ಇವತ್ತಿಗೂ ನಮ್ಮ ತಲೆಯ ಮೇಲೆ ಇಬ್ಬರು ಯಜಮಾನರು, ಬಾವುಟ ಮೊಹರುಗಳ ಕಚೇರಿಯಲ್ಲಿ ಸರ್ಕಾರದ ಪೆರ್ಬೆಕೆಲ್, ಕುಲ್ಕುಲ್ ನೇತುಹಾಕಿದ ಸಭಾಮಂಟಪದಲ್ಲಿ ಸಂಪ್ರದಾಯದ ಬೆಂದೇಸ. "ಇಬ್ರು ಇರೋದು ಜನಕ್ಕೆ ಒಳ್ಳೇದು ಕಣೇ, ಒಬ್ಬ ಕಚ್ಚೋಕೆ ಬಂದ್ರೆ ಇನ್ನೊಬ್ಬನ ಹತ್ರ ಓಡಬಹುದು" ಎನ್ನುತ್ತಿದ್ದಿರಿ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನೀವು ಬೆಂದೇಸ ಆದ ದಿನ ಹೆಮ್ಮೆಯಿಂದ ಹೊಸ ಕೆಬಾಯ ರವಿಕೆ ಹೊಲಿಸಿ ತೊಟ್ಟಿದ್ದೆ.

ಕಡಲ ದಂಡೆ ಕೇಳಿಕೊಂಡು ಹೋಟೆಲಿನವರು ಬಂದಾಗ ನನ್ನ ತಮ್ಮ ರೆಂತಂಗ್ ನಿಮ್ಮ ಮಾತು ನಂಬಿಯೇ ಓಡಿದ. ಮೊದಲು ಪೆರ್ಬೆಕೆಲ್ ಹತ್ತಿರ. "ಇದು ಸಂಪ್ರದಾಯದ ಜಾಗ ಕಣಪ್ಪ, ನಂಗೇನು ಅಧಿಕಾರ? ನಿನ್ನ ಭಾವನ್ನೇ ಕೇಳು" ಅಂದ. ಅಲ್ಲಿಂದ ನಿಮ್ಮ ಹತ್ತಿರ ಬಂದರೆ, "ಕಡಲ ದಂಡೆ ಸರ್ಕಾರದ್ದಪ್ಪ, ಪೆರ್ಬೆಕೆಲ್‌ನ ಕೇಳು" ಅಂದಿರಿ. ಚೆಂಡಾಟ ಆಡಿಸಿದಿರಿ ಅವನನ್ನು. ಅದೇ ಸಂಜೆ ಹೋಟೆಲಿನ ದಲ್ಲಾಳಿಯ ಮೇಜಿನ ಎದುರು ಇಬ್ಬರೂ ಕೂತು ಕಾಫಿ ಕುಡಿದಿರಿ, ದಂಡೆ ಗುತ್ತಿಗೆಗೆ ಹೋಯಿತು. ನಿಮಗೆ ಕೆಟ್ಟ ಬುದ್ಧಿ ಇತ್ತು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ದೇವಸ್ಥಾನಕ್ಕೆ ಹೊಸ ಚಾವಣಿ ಬಂತು, ದಾರಿಗೆ ಡಾಂಬರು ಬಂತು. ಉಪ್ಪಿನ ಮಡಿ ಬಿಟ್ಟುಕೊಡದೆ ಉಳಿದದ್ದು ನಮ್ಮ ಮನೆಯೊಂದೇ, ಸಿಟ್ಟು ಬಂದಿರಬೇಕು ನಿಮಗೆ.

ರೆಂತಂಗ್ ಅಮ್ಲಾಪುರಕ್ಕೆ ಹೋಗಿ ಜಿಲ್ಲಾ ಕಚೇರಿಯಲ್ಲಿ ದೂರು ಕೊಟ್ಟ. ಅಲ್ಲಿಗೆ ಮುಗಿಯಿತು. ಊರಿನ ಮಾತನ್ನು ಊರ ಹೊರಗೆ ಒಯ್ದವನ ಮನೆಗೆ ಬಹಿಷ್ಕಾರ. ಯಾರೂ ಮಾತಾಡುವಂತಿಲ್ಲ, ಬೆಂಕಿ ಕೊಡುವಂತಿಲ್ಲ, ಅವರ ಹೆಣಕ್ಕೆ ಹೆಗಲು ಕೊಡುವಂತಿಲ್ಲ, ಸ್ಮಶಾನದಲ್ಲಿ ಜಾಗವಿಲ್ಲ. ನಾನು ಮದುವೆಯಾಗಿ ನಿಮ್ಮ ಮನೆಗೆ ಸೇರಿದವಳು, ಆ ಬಹಿಷ್ಕಾರದ ಆಚೆ ಕಡೆ ನಿಂತಿದ್ದೆ. ತಾಯಿ ಕಾವಡಿ ಹೊತ್ತು ಎದುರಿಗೆ ಬಂದರೆ ಮುಖ ತಿರುಗಿಸಬೇಕಿತ್ತು. ಒಂದು ದಿನ ತಿರುಗಿಸಲಿಲ್ಲ. "ಕಾಲು ಊದಿದೆಯಲ್ಲ ಮೆಮೆ, ಬಿಸಿನೀರಲ್ಲಿ ಇಡು" ಅಂದೆ. ಅಷ್ಟೇ ಅಂದದ್ದು. ಅದನ್ನು ಯಾರೋ ಕೇಳಿಸಿಕೊಂಡು ಸಭೆಗೆ ತಂದರು.

ನೀವು ತಪ್ಪಿಸಬಹುದಿತ್ತು. ಹಾಗೆ ಮಾಡಲಿಲ್ಲ. ಎದ್ದು ನಿಂತು ಹೆಂಡತಿಯ ದಂಡವನ್ನು ನೀವೇ ಕಟ್ಟಿದಿರಿ, ಎಲ್ಲರ ಎದುರು, ನಗುನಗುತ್ತಾ. ಅಕ್ಕಿ ಮೂಟೆ ಮಂಟಪದ ನಡುವೆ ಇಳಿಸಿ ಕೈ ಮುಗಿದಿರಿ. "ನೋಡಿ, ಧರ್ಮರಾಯ ಅಂದ್ರೆ ಇವನಪ್ಪ!" ಎಂದು ಮುದುಕರು ತಲೆದೂಗಿದರು. ಅಕ್ಕಿಯನ್ನು ನಾನು ಕ್ಷಮಿಸುತ್ತಿದ್ದೆ. ಆ ನಗುವನ್ನು ಕ್ಷಮಿಸಲಾಗಲಿಲ್ಲ. ಆ ಸಂಜೆಯೇ ಬಟ್ಟೆ ಗಂಟು ಕಟ್ಟಿಕೊಂಡು ತಾಯಿಯ ಮನೆಗೆ ಬಂದೆ. ನಮ್ಮ ಕಟ್ಟಳೆಯಲ್ಲಿ ಮಗು ತಂದೆಯ ಮನೆಯದು, ಸರಿನಿಯನ್ನು ಕರೆತರುವ ಹಕ್ಕು ನನಗಿರಲಿಲ್ಲ.

ಮೆಮೆ ನನ್ನನ್ನು ಕಂಡು ಸಂತೋಷಪಟ್ಟಳು ಅಂದುಕೊಳ್ಳಬೇಡಿ. "ನಾನು ಮುದುಕಿ, ಮಾತಿಲ್ಲದಿದ್ರೆ ಬದುಕ್ತೀನಿ. ನೀ ಯಾಕೆ ಬಂದೆ ಸಾಯೋಕೆ?" ಎಂದು ಬೈದಳು. ಆದರೆ ಅವಳು ಬದುಕಲಿಲ್ಲ. ಸಂತೆಗೆ ಹೋಗಿ ಜಗಳವಾಡಿ, ಹುಣ್ಣಿಮೆಗೆ ದೇವಸ್ಥಾನದಲ್ಲಿ ಎಲ್ಲರ ಎಡೆ ತಟ್ಟೆಗಳ ತಪ್ಪು ತೆಗೆದು, ಯಾರ ಸೊಸೆ ಬಸುರಿ ಎಂದು ಮೊದಲು ಹೇಳಿ ಬದುಕಿದವಳು ಅವಳು. ಅದೆಲ್ಲ ನಿಂತ ಮೇಲೆ ಸುಮ್ಮನೆ ಕುಗ್ಗುತ್ತಾ ಹೋದಳು. ಕೊನೆಕೊನೆಗೆ ಉಪ್ಪಿನ ಮಡಿಯ ಗುದ್ದಲಿಯ ಜೊತೆ ಮಾತಾಡುತ್ತಿದ್ದಳು. ಅವಳನ್ನು ಕೊಂದದ್ದು ಕಾಯಿಲೆ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ನನಗೆ ಬೇರೆ ಹೆಸರು ಗೊತ್ತು.

ನಿನ್ನೆ ರೆಂತಂಗ್ ನಿಮ್ಮ ಸಭೆಗೆ ಬಂದ. ಮಂಟಪ ಹತ್ತುವ ಹಾಗಿಲ್ಲವೆಂದು ಕೆಳಗೆ ಮಣ್ಣಿನಲ್ಲೇ ಕೂತ. ಎರಡು ವರ್ಷ ಬಗ್ಗದವನು ಬಗ್ಗಿದ. "ತಪ್ಪಾಯ್ತು. ದೂರು ವಾಪಸ್ ತಗೋತೀನಿ. ಉಪ್ಪಿನ ಮಡಿಗೂ ಸಹಿ ಹಾಕ್ತೀನಿ. ನಮ್ಮಮ್ಮನ್ನ ನಮ್ಮಪ್ಪನ ಪಕ್ಕ ಮಲಗಿಸೋಕೆ ಬಿಡಿ" ಅಂದನಂತೆ. ಮುದುಕರು ಸರಿ ಅಂದರಂತೆ. ಅವರಲ್ಲಿ ಒಬ್ಬಿಬ್ಬರು ಅತ್ತರಂತೆ. ನೀವೊಬ್ಬರೇ, ನಾಳೆ ಹೇಳುತ್ತೇನೆ ಅಂದಿರಿ. ಒಳ್ಳೆಯ ದಿನ ನೋಡಿಸಲು ಹಾಗೆ ಹೇಳಿದಿರಿ ಎಂದು ಪಾಪ ನನ್ನ ತಮ್ಮ ಅಂದುಕೊಂಡಿದ್ದಾನೆ. ಮನೆಗೆ ಬಂದವನು ಗೋಡೆಗೆ ಒರಗಿ, ಮಡಿ ಹೋದರೆ ಹೋಗಲಿ ಎಂದು ಮತ್ತೆ ಮತ್ತೆ ಹೇಳಿಕೊಂಡ.

ಇವತ್ತು ಬೆಳಿಗ್ಗೆ ದಾಯೆಂಗ್ ಪರಾನಿ ಬಂದು ನನ್ನನ್ನು ಅಂಗಳದ ಗೋಡೆಯ ಹತ್ತಿರ ಕರೆದ. ಮುಖ ನೋಡಲಿಲ್ಲ. "ತಂಗೀ, ಇದು ನನ್ನ ಮಾತಲ್ಲ, ನಿನ್ನ ಗಂಡಂದು. ನೀನು ಅವನ ಮನೆಗೆ ವಾಪಸ್ ಬಂದ್ರೆ ನಾಳೆ ಸ್ಮಶಾನದ ಬಾಗಿಲು ತೆಗೀತಾನಂತೆ. ಇಲ್ಲಾಂದ್ರೆ ಸಭೆ ಇನ್ನೂ ಯೋಚನೆ ಮಾಡಬೇಕಾಗ್ತದಂತೆ" ಅಂದ. ಆಮೇಲೆ ಮರಳಿಗೆ ಉಗಿದು, "ಹುಟ್ಟಿದಾಗಿಂದ ಮೀನು ಮಾರಿದೀನಿ. ಹೆಣ ಇಟ್ಕೊಂಡು ಚೌಕಾಸಿ ಮಾಡೋದು ಇವತ್ತೇ ನೋಡಿದ್ದು" ಎಂದು ಹೊರಟುಹೋದ.

ನನಗೆ ಸಿಟ್ಟು ಬರುವ ಮೊದಲು ನಾಚಿಕೆ ಬಂತು. ಎರಡು ವರ್ಷದಲ್ಲಿ ಒಂದು ಸಲ, ಗೋಡೆಯ ಆಚೆ ನಿಂತು, ಕೆರ್ತಿ ಬಾ ಎಂದಿದ್ದರೆ ಸಾಕಿತ್ತು. ಕಟ್ಟಳೆ ಮುರಿದು ಅಂದಿದ್ದರೆ ಓಡಿ ಬರುತ್ತಿದ್ದೆನೇನೋ. ಎಷ್ಟೋ ಸಂಜೆ ಆ ಗೋಡೆಯ ಕಡೆ ಕಿವಿ ಇಟ್ಟು ಕೂತದ್ದೂ ಉಂಟು. ನೀವು ಬರಲಿಲ್ಲ. ಕಾದಿರಿ, ನನ್ನ ತಾಯಿ ಹೆಣವಾಗುವ ತನಕ ಕಾದಿರಿ. ಬೆಂದೇಸನ ಹೆಂಡತಿ ಬಿಟ್ಟುಹೋದಳು ಎಂದು ಹೋಟೆಲಿನವರು, ಪೆರ್ಬೆಕೆಲ್, ಎಲ್ಲರೂ ಬೆನ್ನ ಹಿಂದೆ ನಗುತ್ತಾರೆ, ಅದು ನಿಮ್ಮನ್ನು ತಿನ್ನುತ್ತಿತ್ತು. ಇಷ್ಟಕ್ಕೇ ಅಲ್ಲವೇ ಈ ಆಟ?

ಮಧ್ಯಾಹ್ನ ಸರಿನಿ ಬಂದಿದ್ದಳು, ನಿಮಗೆ ಸುದ್ದಿ ಮುಟ್ಟಿರುತ್ತದೆ. ಚೌಕಳಿ ಪಂಚೆಯ ನಿಮ್ಮ ಕಾವಲಿನವನು ಬಾಗಿಲಲ್ಲೇ ನಿಂತಿದ್ದ. ಎಷ್ಟು ಎತ್ತರ ಆಗಿದ್ದಾಳೆ! ಅಜ್ಜಿಯ ಪಾದ ತೊಳೆದಳು, ಹೂವಿಟ್ಟಳು. "ಊಟ ಆಯ್ತಾ ಮಗಳೇ?" ಅಂದೆ. ಅವಳು ಬಾಯಿ ತೆರೆದಳು, ಕಾವಲಿನವನ ಕಡೆ ನೋಡಿದಳು, ಮುಚ್ಚಿಕೊಂಡಳು. ತಲೆ ಆಡಿಸಿದಳು ಅಷ್ಟೇ. ಹೆತ್ತ ಮಗಳು ನನ್ನ ಎದುರಿಗೆ ನಿಂತು ಮೂಗಿಯ ಹಾಗೆ ತಲೆ ಆಡಿಸಿದಳು. ಇಡೀ ಎರಡು ವರ್ಷ ತಡೆದುಕೊಂಡಿದ್ದೆ, ಆಗ ಮಾತ್ರ ಹಿತ್ತಲಿಗೆ ಹೋಗಿ ಅತ್ತೆ.

ಬರುತ್ತೇನೆ. ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ, ಆದರೂ ಬರುತ್ತೇನೆ. ನಾಳೆ ಬಿಟ್ಟರೆ ಈ ವಾರ ಮಣ್ಣಿಗೆ ಬೇರೆ ಒಳ್ಳೆಯ ದಿನವಿಲ್ಲ, ಮಂಜುಗಡ್ಡೆ ಆಗಲೇ ಕರಗಿ ಜಗಲಿಯಿಂದ ಹರಿಯುತ್ತಿದೆ. ಇದನ್ನು ರೆಂತಂಗ್‌ಗೆ ಹೇಳಿಲ್ಲ, ಹೇಳುವುದೂ ಇಲ್ಲ. ತಿಳಿದರೆ ಕತ್ತಿ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತಾನೆ, ಆಮೇಲೆ ಮೆಮೆಗೆ ಮಣ್ಣು ಹಾಕುವವರು ಯಾರು? ನಾನಾಗಿಯೇ ಮನಸ್ಸು ಬದಲಿಸಿ ಗಂಡನ ಮನೆಗೆ ಹೊರಟೆ ಎಂದುಕೊಳ್ಳಲಿ. ಊರೂ ಹಾಗೇ ಅಂದುಕೊಳ್ಳಲಿ, ನಿಮಗೂ ಬೇಕಾದದ್ದು ಅದೇ.

ನನ್ನ ಕಡೆಯಿಂದ ಇಷ್ಟು ಆಗಬೇಕು. ಬೆಳಿಗ್ಗೆ ಮೊದಲು ಕುಲ್ಕುಲ್ ಬಡಿಯಲಿ, ಊರವರ ಸಾವಿಗೆ ಬಡಿಯುವ ಹಾಗೆ, ನಿಧಾನವಾಗಿ, ಕಡಲ ತನಕ ಕೇಳಿಸುವಂತೆ. ಪೂಜಾರಿ ತೀರ್ಥ ತೆಗೆದುಕೊಂಡು ಮನೆಗೇ ಬರಲಿ. ಸ್ಮಶಾನದಲ್ಲಿ ನನ್ನ ತಂದೆಯ ಪಕ್ಕದ ಜಾಗ, ಮೂಲೆಯಲ್ಲಲ್ಲ. ದಾಯೆಂಗ್ ಪರಾನಿಯ ಮಕ್ಕಳು ಹೆಗಲು ಕೊಡುತ್ತೇವೆ ಅಂದಿದ್ದಾರೆ, ಅವರನ್ನು ಯಾರೂ ಬಾಗಿಲಲ್ಲಿ ತಡೆಯಬಾರದು. ಮಣ್ಣು ಮುಚ್ಚಿ ಸ್ನಾನ ಮಾಡಿ, ಅಲ್ಲಿಂದಲೇ ನಿಮ್ಮ ಮನೆಗೆ ನಡೆದು ಬರುತ್ತೇನೆ. ಗುಂಪಿನ ಎದುರಿಗೇ ಬರುತ್ತೇನೆ, ಎಲ್ಲರಿಗೂ ಕಾಣಲಿ.

ನಿಮ್ಮ ಹೆಂಡತಿ,
ಪುತು ಕೆರ್ತಿ

ಮ.ಕೊ.: ನೀವು ಹೇಳಿ ಕಳಿಸಿದ್ದು ಮನೆಗೆ ವಾಪಸ್ ಬರಬೇಕು ಎಂದು. ಬರುತ್ತೇನೆ, ಅಡುಗೆ ಮಾಡುತ್ತೇನೆ, ಎಡೆಯ ಗರಿತಟ್ಟೆ ಹೆಣೆಯುತ್ತೇನೆ, ಹಬ್ಬದ ದಿನ ಜನರ ಎದುರು ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ. ಸರಿನಿಯ ಜೊತೆ ಬಾಯಿ ನೋಯುವ ತನಕ ಮಾತಾಡುತ್ತೇನೆ. ಬಂದ ನೆಂಟರ ಜೊತೆ, ನೆರೆಯವರ ಜೊತೆ, ಹಂದಿಗಳ ಜೊತೆಯೂ ಮಾತಾಡುತ್ತೇನೆ. ನಿಮ್ಮ ಜೊತೆ ಮಾತಾಡುವುದಿಲ್ಲ. ನಾಳೆಯಿಂದ, ನಮ್ಮಿಬ್ಬರಲ್ಲಿ ಒಬ್ಬರು ಮಣ್ಣಿಗೆ ಹೋಗುವ ತನಕ, ಒಂದು ಮಾತೂ ಇಲ್ಲ. ಸಭೆ ಕರೆದು ದಂಡ ಹಾಕಿಸುವುದಾದರೆ ಹಾಕಿಸಿ, ಹೆಂಡತಿ ಮಾತಾಡುವುದಿಲ್ಲ ಎಂದು ನೀವೇ ಎದ್ದು ನಿಂತು ಹೇಳಬೇಕಾಗುತ್ತದೆ. ನನ್ನ ಮಾತು ಬೇಕೆನಿಸಿದ ದಿನ ಈ ಕಾಗದ ತೆಗೆದು ಓದಿಕೊಳ್ಳಿ.